ಅಂಗಡಿಯ ಲೆಕ್ಕ ಓದಲು ಯಾರಿಗೆ ಬರುತ್ತದೆ?

ನಮ್ಮಲ್ಲಿ ವ್ಯಾಪಾರವೆಂದರೆ ಗಂಡಸರ ಕೆಲಸ ಎಂಬ ಮಾತು ರೂಢಿಯಲ್ಲಿದೆ. ಆದರೆ ರಾತ್ರಿ ಇಶಾ ನಮಾಝ್ ಮುಗಿದು, ಮಕ್ಕಳ ಊಟವಾಗಿ, ಪಾತ್ರೆ ತೊಳೆದಿಟ್ಟ ಮೇಲೆ ಆ ದಿನದ ಲೆಕ್ಕ ಬರೆಯಲು ಕುಳಿತುಕೊಳ್ಳುವವರು ಯಾರೆಂದು ನೋಡಿದರೆ ಆ ಮಾತು ಅರ್ಧ ಮಾತ್ರ ನಿಜವೆಂದು ತಿಳಿಯುತ್ತದೆ. ಮನೆಯ ಯಜಮಾನರು ಜೇಬಿನಿಂದ ಚೀಟಿಗಳನ್ನು ತೆಗೆದು ಹರವುತ್ತಾರೆ. ಯಾರಿಗೆ ಎಷ್ಟು ಉದ್ರಿ, ಯಾರಿಂದ ಎಷ್ಟು ರೋಖ, ಯಾವ ಹುಡುಗನಿಗೆ ಪಗಾರದಲ್ಲಿ ಎಷ್ಟು ಮುಂಗಡ ಎಂದು ಹೇಳುತ್ತಾ ಹೋಗುತ್ತಾರೆ. ಹೆಂಡತಿಯೋ ಮಗಳೋ ಬರೆದುಕೊಳ್ಳುತ್ತಾಳೆ.

ಆದರೆ ಅಂಗಡಿಗೆ ಲೆಕ್ಕದ ಸಾಫ್ಟ್‌ವೇರ್ ಹಾಕಿಸಬೇಕೆಂಬ ಮಾತು ಬಂದಾಗ ಆಕೆಯನ್ನು ಕೇಳುವವರಿಲ್ಲ. ಕಂಪ್ಯೂಟರ್ ಮಾರುವವರನ್ನು ಕೇಳುತ್ತಾರೆ, ತೆರಿಗೆ ಸಲಹೆಗಾರರನ್ನು ಕೇಳುತ್ತಾರೆ, ಪಕ್ಕದ ಅಂಗಡಿಯವರು ಯಾವುದನ್ನು ಹಾಕಿಸಿದ್ದಾರೆಂದು ಇಣುಕಿ ನೋಡುತ್ತಾರೆ. ಸಾವಿರಾರು ರೂಪಾಯಿ ಕೊಟ್ಟು ತಂದದ್ದು ಆರು ತಿಂಗಳಾಗುವಷ್ಟರಲ್ಲಿ ಬರೇ ಬಿಲ್ ಮುದ್ರಿಸುವ ಯಂತ್ರವಾಗಿರುತ್ತದೆ. ನಿಜವಾದ ಲೆಕ್ಕ ಮತ್ತೆ ಅದೇ ಹಳೆಯ ನೋಟ್‌ಬುಕ್ಕಿನಲ್ಲಿ. ಏಕೆಂದರೆ ಆ ಲೆಕ್ಕ ಬರೆಯುತ್ತಿದ್ದವಳಿಗೆ ಅದನ್ನು ಯಾರೂ ಕಲಿಸಲಿಲ್ಲ.

ಹಾವೇರಿ ಜಿಲ್ಲೆಯ ಹಿರೇಕೆರೂರಿನಂತಹ ತಾಲೂಕು ಊರನ್ನೇ ಕಣ್ಣ ಮುಂದೆ ತಂದುಕೊಳ್ಳೋಣ. ಸುತ್ತಲೂ ಮೆಕ್ಕೆಜೋಳ, ಹತ್ತಿ ಬೆಳೆಯುವ ಹಳ್ಳಿಗಳು. ಊರಿನಲ್ಲಿ ಒಂದು ಸಣ್ಣ ಹೊಲಿಗೆ ಘಟಕವಿದೆ ಎಂದಿಟ್ಟುಕೊಳ್ಳಿ. ಶಾಲಾ ಸಮವಸ್ತ್ರ, ಚೂಡಿದಾರ, ಬುರ್ಖಾ ಹೊಲಿಯುತ್ತಾರೆ. ಏಳು ಮಂದಿ ಹೆಣ್ಣುಮಕ್ಕಳು ಪೀಸ್ ಲೆಕ್ಕದಲ್ಲಿ ಹೊಲಿಯುತ್ತಾರೆ. ಬಟ್ಟೆ ಕತ್ತರಿಸಲು ಒಬ್ಬರು, ಇಸ್ತ್ರಿಗೆ ಒಬ್ಬರು ತಿಂಗಳ ಪಗಾರದ ಮೇಲೆ ಇದ್ದಾರೆ. ಯಜಮಾನರು ಹೊರಗಿನ ವ್ಯವಹಾರ ನೋಡಿಕೊಳ್ಳುತ್ತಾರೆ, ಬಟ್ಟೆ ತರುತ್ತಾರೆ, ವಸೂಲಿಗೆ ಹೋಗುತ್ತಾರೆ. ಒಳಗಿನದೆಲ್ಲ ಭಾಬಿಯದು. ಇಂತಹ ಘಟಕಕ್ಕೆ ಯಾವ ಸಾಫ್ಟ್‌ವೇರ್ ಬೇಕು?

ಯಾವುದು ಬೇಕೆಂದು ಕೇಳುವ ಮೊದಲು ಏನು ಬೇಕೆಂದು ಕೇಳಬೇಕು. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು ವ್ಯಾಪಾರದ ಲೆಕ್ಕ, ಅಂದರೆ ಖರೀದಿ, ಮಾರಾಟ, ಉದ್ರಿ, ದಾಸ್ತಾನು, ತೆರಿಗೆ. ಇನ್ನೊಂದು ಪಗಾರದ ಲೆಕ್ಕ. ಮಾರುವವರು ಎರಡನ್ನೂ ಒಟ್ಟಿಗೆ ಹೇಳಿ ಬೇಗನೆ ಮುಗಿಸಿಬಿಡುತ್ತಾರೆ. ನಮ್ಮ ಅನೇಕ ಸಣ್ಣ ಉದ್ದಿಮೆಗಳಲ್ಲಿ ವ್ಯಾಪಾರದ ಲೆಕ್ಕವಾದರೂ ಹೇಗೋ ಇರುತ್ತದೆ. ಪಗಾರದ ಲೆಕ್ಕವೇ ಇರುವುದಿಲ್ಲ.

ಪಗಾರದ ವಿಷಯವನ್ನೇ ಮೊದಲು ನೋಡೋಣ.

ಹೆಚ್ಚಿನ ಪೇರೋಲ್ ಸಾಫ್ಟ್‌ವೇರ್‌ಗಳನ್ನು ಪಟ್ಟಣದ ಕಚೇರಿಗಳಿಗಾಗಿ ಮಾಡಲಾಗಿದೆ. ತಿಂಗಳಿಗೊಂದು ಸಂಬಳ, ಮೂಲವೇತನ ಇಷ್ಟು, ಭತ್ಯೆ ಇಷ್ಟು, ಕಡಿತ ಇಷ್ಟು. ನಮ್ಮ ಹೊಲಿಗೆ ಘಟಕದಲ್ಲಿ ಹಾಗಿಲ್ಲ. ಇಲ್ಲಿ ವಾರಕ್ಕೊಮ್ಮೆ ಬಟವಾಡೆ. ಒಬ್ಬಳು ಸೋಮವಾರ ಇಪ್ಪತ್ತು ಪೀಸ್ ಹೊಲಿದರೆ, ಮಗುವಿಗೆ ಜ್ವರ ಬಂದ ಮಂಗಳವಾರ ನಾಲ್ಕೇ ಪೀಸ್. ರಂಝಾನ್ ಮೊದಲು ಒಬ್ಬಳು ಐದು ಸಾವಿರ ಮುಂಗಡ ಪಡೆದಿರುತ್ತಾಳೆ, ಇನ್ನೊಬ್ಬಳು ದೀಪಾವಳಿಗೆ. ಆದ್ದರಿಂದ ಸಾಫ್ಟ್‌ವೇರ್ ತೋರಿಸಲು ಬಂದವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಪೀಸ್ ಲೆಕ್ಕದಲ್ಲಿ ಪಗಾರ ಕಟ್ಟಲು ಇದರಲ್ಲಿ ಬರುತ್ತದೆಯೇ? ವಾರದ ಬಟವಾಡೆ ಆಗುತ್ತದೆಯೇ? ಮುಂಗಡವನ್ನು ಕಂತಿನಲ್ಲಿ ಮುರಿದುಕೊಳ್ಳಬಹುದೇ? ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ನಿಮ್ಮ ಹೋದ ವಾರದ ಹಾಜರಿ ಪುಸ್ತಕವನ್ನು ಮುಂದಿಟ್ಟು, ಇದನ್ನು ಈಗಲೇ ಹಾಕಿ ತೋರಿಸಿ ಎನ್ನಿ. ಟ್ಯಾಲಿಯಲ್ಲಿ ಹಾಜರಿಯ ಜೊತೆಗೆ ಉತ್ಪಾದನೆಯ ಲೆಕ್ಕದಲ್ಲೂ ಪಗಾರ ಕಟ್ಟುವ ವ್ಯವಸ್ಥೆಯಿದೆ. ಆದರೆ ಅದನ್ನು ಸರಿಯಾಗಿ ಜೋಡಿಸಿಕೊಡುವವರು ಬೇಕು. ಕೆಲವು ಅಗ್ಗದ ಮೊಬೈಲ್ ಆ್ಯಪ್‌ಗಳಲ್ಲಿ ಹಾಜರಿ ಮಾತ್ರ ಇರುತ್ತದೆ.

ಇಷ್ಟೆಲ್ಲ ಏಕೆ, ಭಾಬಿ ಒಂದು ನೋಟ್‌ಬುಕ್ಕಿನಲ್ಲಿ ಬರೆದರೆ ಸಾಲದೇ ಎನ್ನಬಹುದು. ಸಾಲುತ್ತದೆ, ಒಂಬತ್ತು ಮಂದಿ ಇರುವವರೆಗೆ. ಹತ್ತನೆಯವರು ಕೆಲಸಕ್ಕೆ ಸೇರಿದ ದಿನ ಸಂಗತಿ ಬದಲಾಗುತ್ತದೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಸಂಸ್ಥೆ ಕಾರ್ಮಿಕರ ರಾಜ್ಯ ವಿಮಾ ಯೋಜನೆಯ, ಅಂದರೆ ಇಎಸ್‌ಐಯ ವ್ಯಾಪ್ತಿಗೆ ಬರುತ್ತದೆ. 2017ರ ಜನವರಿಯಿಂದ ಇದರ ವೇತನ ಮಿತಿ ತಿಂಗಳಿಗೆ 21,000 ರೂಪಾಯಿ. 2019ರ ಜುಲೈಯಿಂದ ಮಾಲಕರ ಪಾಲು ಶೇ. 3.25, ಕಾರ್ಮಿಕರ ಪಾಲು ಶೇ. 0.75. ಹನ್ನೆರಡು ಸಾವಿರ ಪಗಾರದವಳ ಕೈಯಿಂದ 90 ರೂಪಾಯಿ, ಮಾಲಕರ ಕೈಯಿಂದ 390 ರೂಪಾಯಿ. ಇಪ್ಪತ್ತು ಮಂದಿಯಾದರೆ ಭವಿಷ್ಯ ನಿಧಿಯೂ ಸೇರುತ್ತದೆ. ಈ ಹಣ ಉಳಿಸಲಿಕ್ಕೆಂದೇ ಪುಸ್ತಕದಲ್ಲಿ ಒಂಬತ್ತು ಹೆಸರು ಬರೆದು ಹದಿನಾಲ್ಕು ಮಂದಿಯಿಂದ ದುಡಿಸಿಕೊಳ್ಳುವ ಪದ್ಧತಿಯೊಂದು ಇದೆ. ಇದು ಜಾಣತನವೆಂದು ಹೇಳಿಕೊಳ್ಳುವವರೂ ಇದ್ದಾರೆ.

ಆ ಬಿಟ್ಟುಹೋದ ಐದು ಹೆಸರುಗಳು ಯಾರವು ಎಂದು ಯೋಚಿಸಿ. ಅವರಲ್ಲೊಬ್ಬಳು ಗರ್ಭಿಣಿಯಾದಳು ಎಂದುಕೊಳ್ಳಿ. ಇಎಸ್‌ಐಯಲ್ಲಿ ಹೆರಿಗೆಗೆ 26 ವಾರಗಳ ಸವಲತ್ತಿದೆ. ಅದು ಸಿಗಬೇಕಾದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಒಟ್ಟು 70 ದಿನಗಳ ವಂತಿಗೆ ಸಂದಾಯವಾಗಿರಬೇಕು. ಆಕೆ ಮೂರು ವರ್ಷ ದಿನವೂ ಬಂದು ಹೊಲಿದಿರಬಹುದು. ಆದರೆ ಪುಸ್ತಕದಲ್ಲಿ ಹೆಸರೇ ಇಲ್ಲದವಳಿಗೆ 70 ದಿನ ಎಲ್ಲಿಂದ ಬರಬೇಕು? ಪಗಾರದ ಲೆಕ್ಕವೆಂದರೆ ಮಾಲಕರ ಖರ್ಚಿನ ಲೆಕ್ಕ ಎಂದೇ ನಾವು ತಿಳಿದಿದ್ದೇವೆ. ದುಡಿಯುವವಳಿಗೆ ಅದು ತಾನು ದುಡಿದದ್ದಕ್ಕೆ ಇರುವ ಒಂದೇ ಸಾಕ್ಷಿ. ಕೆಲಸಗಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿವರ್ಯರ(ಸ) ಬೋಧನೆಯನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಹೊತ್ತಿಗೆ ಸರಿಯಾಗಿ ಕೂಲಿ ಕೊಟ್ಟು, ಹೆಸರನ್ನು ಮಾತ್ರ ಅಡಗಿಸಿಟ್ಟರೆ ಆ ಬೋಧನೆಯಲ್ಲಿ ಎಷ್ಟು ಪಾಲಿಸಿದಂತಾಯಿತು?

ದೇಶದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದವು. ಅದರಲ್ಲಿ ವೇತನ ಸಂಹಿತೆಯ ಕೆಲವು ಅಂಶಗಳು ನಮ್ಮ ಹೊಲಿಗೆ ಘಟಕಕ್ಕೂ ಸಂಬಂಧಿಸಿದವು. ತಿಂಗಳ ಪಗಾರವನ್ನು ಮುಂದಿನ ತಿಂಗಳ 7ರೊಳಗೆ ಕೊಡಬೇಕು. ವಾರದ ಪಗಾರವನ್ನು ವಾರದ ಕೊನೆಯ ಕೆಲಸದ ದಿನ ಕೊಡಬೇಕು. ಕೆಲಸ ಬಿಟ್ಟವರ ಬಾಕಿಯನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ಮುಂಗಡ ಮುರಿದುಕೊಳ್ಳುವುದೂ ಸೇರಿ ಒಟ್ಟು ಕಡಿತ ಪಗಾರದ ಅರ್ಧವನ್ನು ಮೀರಬಾರದು. ಪಗಾರದ ಚೀಟಿ ಕೊಡಬೇಕು. ಸಾಫ್ಟ್‌ವೇರ್ ಕೊಳ್ಳುವವರು ಈ ಪಟ್ಟಿಯನ್ನು ಒಂದು ಕಾಗದದ ಮೇಲೆ ಬರೆದುಕೊಂಡು ಹೋಗಿ ಒಂದೊಂದನ್ನೇ ಕೇಳಬಹುದು. ಮುಖ್ಯವಾಗಿ ಆ ಚೀಟಿ ಹೇಗೆ ಬರುತ್ತದೆಂದು ನೋಡಿ. ಇಂಗ್ಲಿಷಿನಲ್ಲಿ ಮುದ್ರಿಸಿದ ಹದಿನೆಂಟು ಸಾಲಿನ ಚೀಟಿಯನ್ನು ಏಳನೆಯ ತರಗತಿ ಓದಿದ ಹೆಣ್ಣುಮಗಳು ಏನು ಮಾಡಬೇಕು? ಎಷ್ಟು ದಿನ, ಎಷ್ಟು ಪೀಸ್, ದರವೆಷ್ಟು, ಮುಂಗಡದಲ್ಲಿ ಮುರಿದದ್ದೆಷ್ಟು, ಕೈಗೆ ಬಂದದ್ದೆಷ್ಟು, ಇನ್ನೂ ಉಳಿದ ಮುಂಗಡವೆಷ್ಟು ಎಂಬ ಆರು ಸಾಲು ಕನ್ನಡದಲ್ಲಿ ಬಂದರೆ ಸಾಕು. ಅದು ಬರುವುದಿಲ್ಲವೆಂದಾದರೆ ಆ ಆರು ಸಾಲನ್ನು ಕೈಯಲ್ಲೇ ಬರೆದುಕೊಡಿ, ಮಷೀನಿನ ಚೀಟಿಯನ್ನು ಫೈಲಿಗೆ ಹಾಕಿ.

ಇಲ್ಲೊಂದು ಸಣ್ಣ ಪರೀಕ್ಷೆಯನ್ನೂ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ತಿಂಗಳಿಗೆ 25,000 ಅಥವಾ ಅದಕ್ಕಿಂತ ಹೆಚ್ಚು ಸಂಬಳದವರಿಗೆ 200 ರೂಪಾಯಿ ವೃತ್ತಿ ತೆರಿಗೆಯಿದೆ. 2025ರ ಏಪ್ರಿಲ್‌ನಿಂದ ಫೆಬ್ರವರಿ ತಿಂಗಳಿಗೆ ಮಾತ್ರ ಅದು 300. ನಮ್ಮ ಘಟಕದಲ್ಲಿ ಅಷ್ಟು ಪಗಾರದವರು ಇಲ್ಲದಿರಬಹುದು. ಆದರೂ ಸಾಫ್ಟ್‌ವೇರ್ ಮಾರುವವರಿಗೆ ಫೆಬ್ರವರಿಯ ಪಗಾರ ಹಾಕಿ ತೋರಿಸಲು ಹೇಳಿ. 200 ಎಂದು ಬಂದರೆ ಆ ಸಾಫ್ಟ್‌ವೇರನ್ನು ನಮ್ಮ ರಾಜ್ಯಕ್ಕೆ ತಕ್ಕಂತೆ ಯಾರೂ ತಿದ್ದುತ್ತಿಲ್ಲವೆಂದು ತಿಳಿಯಿರಿ.

ಇನ್ನು ವ್ಯಾಪಾರದ ಲೆಕ್ಕ. 2025ರ ಜುಲೈಯಲ್ಲಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಲ್ಲಿ ಎದ್ದ ಗಾಬರಿ ಓದುಗರಿಗೆ ನೆನಪಿರಬಹುದು. ಮೊಬೈಲ್ ಮೂಲಕ ಬಂದ ಯುಪಿಐ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟಿಸುಗಳನ್ನು ಕಳುಹಿಸಿತು. ಬೇಕರಿ, ಚಹಾದಂಗಡಿ, ತರಕಾರಿಯವರಿಗೂ ಅದು ಬಂತು. ಹಿರೇಕೆರೂರಿನವರಿಗೆ ಇದು ದೂರದ ಸುದ್ದಿಯಾಗಿರಲಿಲ್ಲ. ಹಾವೇರಿಯಲ್ಲೇ ತರಕಾರಿ ಮಾರುವವರೊಬ್ಬರಿಗೆ ನಾಲ್ಕು ವರ್ಷಗಳಲ್ಲಿ 1.63 ಕೋಟಿ ರೂಪಾಯಿಯ ವ್ಯವಹಾರ ನಡೆದಿದೆಯೆಂದು 29 ಲಕ್ಷದ ನೋಟಿಸ್ ಬಂದದ್ದು ಪತ್ರಿಕೆಗಳಲ್ಲಿ ವರದಿಯಾಯಿತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ವ್ಯಾಪಾರಿಗಳು ಪ್ರತಿಭಟನೆಗೆ ಇಳಿದರು, ಬಂದ್‌ಗೆ ಕರೆ ಕೊಟ್ಟರು. ಮುಖ್ಯಮಂತ್ರಿಗಳು ಸಭೆ ಕರೆದು, ಹಿಂದಿನ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ಮಿತಿ ದಾಟಿದವರು ನೋಂದಣಿ ಮಾಡಿಸಿಕೊಳ್ಳಬೇಕೆಂದು ಹೇಳಿದ ಮೇಲೆ ವಿಷಯ ತಣ್ಣಗಾಯಿತು. ಆ ದಿನಗಳಲ್ಲಿ ಕೆಲವರು ಕ್ಯೂಆರ್ ಹಲಗೆಯನ್ನೇ ತೆಗೆದಿಟ್ಟು ರೋಖ ಮಾತ್ರ ಎಂದು ಬರೆದು ಹಾಕಿದರು. ನನ್ನ ಮಟ್ಟಿಗೆ ಅದು ಜ್ವರಕ್ಕೆ ಥರ್ಮಾಮೀಟರ್ ಒಡೆದ ಹಾಗೆ.

ಖಾತೆಗೆ ಬಂದ ಹಣವೆಲ್ಲ ಮಾರಾಟವಲ್ಲ. ತಮ್ಮ ಕಳುಹಿಸಿದ ಹಣ, ಚೀಟಿಯ ಹಣ, ಯಾರೋ ಹಿಂದಿರುಗಿಸಿದ ಕೈಗಡ, ಮಗಳ ಮದುವೆಗೆ ಬಂದ ಉಡುಗೊರೆ, ಎಲ್ಲವೂ ಅದೇ ಖಾತೆಗೆ ಬೀಳುತ್ತವೆ. ಏಕೆಂದರೆ ಅಂಗಡಿಯ ಗೋಡೆಯ ಮೇಲಿರುವ ಕ್ಯೂಆರ್ ಮನೆಯ ಉಳಿತಾಯ ಖಾತೆಯದು. ಯಾವ ಸಾಫ್ಟ್‌ವೇರೂ ಇದನ್ನು ತಾನಾಗಿ ಬೇರ್ಪಡಿಸಲಾರದು. ಆದ್ದರಿಂದ ಸಾಫ್ಟ್‌ವೇರ್‌ಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲು ಅಂಗಡಿಗೆ ಬೇರೆ ಬ್ಯಾಂಕ್ ಖಾತೆ ತೆರೆಯಿರಿ. ಇದಕ್ಕೆ ಹೆಚ್ಚು ಹಣ ಬೇಡ, ಒಂದು ದಿನದ ಓಡಾಟ ಸಾಕು.

ನೋಂದಣಿಯ ಮಿತಿಯ ಬಗ್ಗೆಯೂ ಎರಡು ಮಾತು. ಸರಕು ಮಾರುವವರಿಗೆ ವರ್ಷದ ವ್ಯವಹಾರ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು, ಸೇವೆ ಕೊಡುವವರಿಗೆ 20 ಲಕ್ಷ. ತಾವೇ ಬಟ್ಟೆ ತಂದು ಸಮವಸ್ತ್ರ ಮಾಡಿ ಮಾರಿದರೆ ಅದು ಸರಕು. ಬೇರೆಯವರು ಕೊಟ್ಟ ಬಟ್ಟೆಗೆ ಹೊಲಿಗೆ ಮಾತ್ರ ಹಾಕಿಕೊಟ್ಟರೆ ಅದು ಸೇವೆ. ನಮ್ಮ ಘಟಕ ಎರಡನ್ನೂ ಮಾಡುತ್ತದೆ. ಹೀಗಾಗಿ ಎರಡಕ್ಕೂ ಬೇರೆ ಬೇರೆ ಖಾತೆ ಇಟ್ಟು, ತಮಗೆ ಯಾವ ಮಿತಿ ಅನ್ವಯಿಸುತ್ತದೆಂದು ತೆರಿಗೆ ಸಲಹೆಗಾರರಲ್ಲಿ ಮೊದಲೇ ವಿಚಾರಿಸಿಕೊಳ್ಳಬೇಕು. ದರಗಳೂ ಬದಲಾಗುತ್ತಿರುತ್ತವೆ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಸಿದ್ಧ ಉಡುಪಿಗೆ ಶೇ. 5, ಅದಕ್ಕಿಂತ ಹೆಚ್ಚಿನದಕ್ಕೆ ಶೇ. 18 ಆಯಿತು. ಅದಕ್ಕೆ ಮೊದಲು ಸಾವಿರ ರೂಪಾಯಿಯೇ ಗಡಿಯಾಗಿತ್ತು. ಸಾಫ್ಟ್‌ವೇರಿನಲ್ಲಿ ಹಳೆಯ ದರ ಉಳಿದರೆ ಗ್ರಾಹಕರಿಂದ ತಪ್ಪು ತೆರಿಗೆ ವಸೂಲಾಗುತ್ತದೆ.

ಈಗ ಹೆಸರುಗಳಿಗೆ ಬರೋಣ. ಎಲ್ಲರ ಬಾಯಲ್ಲಿರುವುದು ಟ್ಯಾಲಿ. ಇದು ನಮ್ಮ ಬೆಂಗಳೂರಿನದೇ. ಶ್ಯಾಮಸುಂದರ್ ಗೋಯೆಂಕಾ ಎಂಬ ವ್ಯಾಪಾರಿಗೆ ತಮ್ಮ ವ್ಯವಹಾರಕ್ಕೆ ಹೊಂದುವ ಸಾಫ್ಟ್‌ವೇರ್ ಸಿಗಲಿಲ್ಲ. ಮಗ ಭರತ್ ಗೋಯೆಂಕಾಗೆ, ನೀನೇ ಒಂದು ಮಾಡು ಎಂದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಆರಂಭವಾದದ್ದು ಇಂದು ದೇಶದ ಮೂಲೆಮೂಲೆಯಲ್ಲಿದೆ. ಭರತ್ ಅವರಿಗೆ 2020ರಲ್ಲಿ ಪದ್ಮಶ್ರೀ ಬಂತು. ಅಂಗಡಿಯವರೊಬ್ಬರ ಕಷ್ಟದಿಂದ ಹುಟ್ಟಿದ್ದರಿಂದಲೇ ಇರಬೇಕು, ನಮ್ಮ ವ್ಯಾಪಾರಿಗಳ ರೀತಿಗೆ ಅದು ಹೊಂದುತ್ತದೆ. ಅದರ ದೊಡ್ಡ ಅನುಕೂಲವೆಂದರೆ ಕಲಿಸುವವರು ಸಿಗುತ್ತಾರೆ. ತಾಲೂಕು ಊರುಗಳ ಕಂಪ್ಯೂಟರ್ ತರಗತಿಗಳಲ್ಲಿ ಬಿ.ಕಾಂ. ಓದುವ ಹೆಣ್ಣುಮಕ್ಕಳು ಟ್ಯಾಲಿ ಕಲಿಯುತ್ತಾರೆ. ತೆರಿಗೆ ಸಲಹೆಗಾರರಿಗೂ ಅದು ಗೊತ್ತು. ಇಂಟರ್‌ನೆಟ್ ಇಲ್ಲದ ದಿನವೂ ಕೆಲಸ ನಡೆಯುತ್ತದೆ. ಅನಾನುಕೂಲವೆಂದರೆ ಬೆಲೆ. ಒಬ್ಬರೇ ಬಳಸುವ ಪ್ರತಿಗೇ ಇಪ್ಪತ್ತು ಸಾವಿರಕ್ಕಿಂತ ಹೆಚ್ಚಾಗುತ್ತದೆ, ಆಮೇಲೆ ನವೀಕರಣಕ್ಕೆ ಬೇರೆ ಹಣ. ಆದರೆ ಕಲಿಯಲೆಂದು ಉಚಿತವಾಗಿ ತೆರೆದುಕೊಳ್ಳುವ ವ್ಯವಸ್ಥೆಯೂ ಅದರಲ್ಲಿದೆ. ಅದರಲ್ಲಿ ತಿಂಗಳ 1, 2 ಮತ್ತು 31ನೇ ತಾರೀಖುಗಳಿಗೆ ಮಾತ್ರ ಲೆಕ್ಕ ಹಾಕಬಹುದು. ವ್ಯಾಪಾರಕ್ಕೆ ಅದು ಸಾಲದು. ಆದರೆ ಕೊಳ್ಳುವ ಮೊದಲು ಭಾಬಿ ಕುಳಿತು ಅಭ್ಯಾಸ ಮಾಡಲು ಧಾರಾಳ ಸಾಕು.

ಐನೂರು ರೂಪಾಯಿಗೆ ಹಾಕಿಕೊಡುತ್ತೇನೆ ಎಂದು ಬರುವವರೂ ಇದ್ದಾರೆ. ಅದು ಕದ್ದ ಪ್ರತಿ. ಹಲಾಲ್ ದುಡಿಮೆಯ ಲೆಕ್ಕವನ್ನು ಕದ್ದ ಪುಸ್ತಕದಲ್ಲಿ ಬರೆಯುವುದು ಸರಿಯೇ ಎಂಬ ಪ್ರಶ್ನೆ ಒಂದು ಕಡೆಯಾದರೆ, ಅದಕ್ಕೆ ತಿದ್ದುಪಡಿ ಬರುವುದಿಲ್ಲ ಎಂಬುದು ಇನ್ನೊಂದು. ಸೆಪ್ಟೆಂಬರ್ 22ರಂತಹ ದಿನ ಬಂದಾಗ ಹಾಕಿಕೊಟ್ಟವರು ಫೋನ್ ಎತ್ತುವುದಿಲ್ಲ.

ಮೊಬೈಲಿನಲ್ಲೇ ಬಿಲ್ ಮಾಡುವವರಿಗೆ ವ್ಯಾಪಾರ್ ಎಂಬ ಆ್ಯಪ್ ಇದೆ. ಉದ್ರಿ ಬರೆದುಕೊಳ್ಳಲಿಕ್ಕೆ ಖಾತಾಬುಕ್. ಇವೂ ಬೆಂಗಳೂರಿನವೇ. ಜೋಹೊ ಸಂಸ್ಥೆಯ ಲೆಕ್ಕದ ಸಾಫ್ಟ್‌ವೇರ್ ಮತ್ತು ಪೇರೋಲ್ ಬೇರೆ ಬೇರೆಯಾಗಿದ್ದು, ಇಂಟರ್‌ನೆಟ್ ಮೇಲೆ ನಡೆಯುತ್ತವೆ. ಎಲ್ಲಿಂದ ಬೇಕಾದರೂ ನೋಡಬಹುದು, ಕಂಪ್ಯೂಟರ್ ಕೆಟ್ಟರೂ ಲೆಕ್ಕ ಉಳಿಯುತ್ತದೆ. ಆದರೆ ನೆಟ್ ಹೋದ ಹೊತ್ತಿನಲ್ಲಿ ಕೈಕಟ್ಟಿ ಕೂರಬೇಕು. ನಾಲ್ಕೈದು ಮಂದಿ ಮಾತ್ರ ಇರುವ ಕಡೆ ಎಕ್ಸೆಲ್ ಹಾಳೆಯೇ ಸಾಕು. ಲಿಬ್ರೆ ಆಫೀಸ್ ಎಂಬ ಉಚಿತ ಸಾಫ್ಟ್‌ವೇರಿನಲ್ಲೂ ಅದೇ ಕೆಲಸ ಆಗುತ್ತದೆ. ಒಂದು ಹಾಳೆಯಲ್ಲಿ ಹಾಜರಿ ಮತ್ತು ಪೀಸ್, ಇನ್ನೊಂದರಲ್ಲಿ ಮುಂಗಡ, ಮತ್ತೊಂದರಲ್ಲಿ ಬಟವಾಡೆ. ನಮ್ಮ ಹೊಲಿಗೆ ಘಟಕ ಇಂದು ಇರುವ ಸ್ಥಿತಿಯಲ್ಲಿ ನನ್ನನ್ನು ಕೇಳಿದರೆ, ಪಗಾರಕ್ಕೆ ಎಕ್ಸೆಲ್, ವ್ಯಾಪಾರಕ್ಕೆ ಮೊಬೈಲ್ ಬಿಲ್ಲಿಂಗ್ ಎನ್ನುತ್ತೇನೆ. ಹತ್ತನೆಯವರನ್ನು ಸೇರಿಸಿಕೊಳ್ಳುವ ತಿಂಗಳು ಟ್ಯಾಲಿಗೆ ಹೋಗಲಿ.

ಉದ್ರಿಯ ಆ್ಯಪ್‌ಗಳಲ್ಲಿ ಒಂದು ಗುಂಡಿ ಒತ್ತಿದರೆ ಬಾಕಿಯವರಿಗೆ ನೆನಪಿನ ಸಂದೇಶ ಹೋಗುತ್ತದೆ. ನಗರದಲ್ಲಿ ಇದು ಒಳ್ಳೆಯದೇ. ಹಿರೇಕೆರೂರಿನಂತಹ ಕಡೆ ಮೆಕ್ಕೆಜೋಳ ಮಾರಿದ ಮೇಲೆ ಕೊಡುತ್ತೇನೆಂದು ಹೇಳಿ ಮಕ್ಕಳ ಬಟ್ಟೆ ಒಯ್ದ ರೈತನಿಗೆ ಮೂವತ್ತನೆಯ ದಿನಕ್ಕೆ ಸಂದೇಶ ಹೋದರೆ ಏನಾಗುತ್ತದೆ? ಮಳೆ ಕೈಕೊಟ್ಟ ವರ್ಷ ಆತನಿಗೂ ಕೈ ಕಟ್ಟಿರುತ್ತದೆ. ಕಷ್ಟದಲ್ಲಿರುವ ಸಾಲಗಾರನಿಗೆ ಅವಕಾಶ ಕೊಡಬೇಕೆಂದು ಕುರ್‌ಆನ್ ಕಲಿಸಿದೆ. ಸಂದೇಶ ತಾನಾಗಿ ಹೋಗುವ ವ್ಯವಸ್ಥೆಯನ್ನು ಮುಚ್ಚಿಡಿ, ಯಾರಿಗೆ ಯಾವಾಗ ನೆನಪಿಸಬೇಕೆಂಬುದು ನಿಮ್ಮ ಕೈಯಲ್ಲಿರಲಿ. ಹಾಗೆಯೇ ಟ್ಯಾಲಿಯಲ್ಲಿ ಬಾಕಿಗೆ ಬಡ್ಡಿ ಕಟ್ಟುವ ಒಂದು ಆಯ್ಕೆಯಿದೆ. ಅದನ್ನು ಬೇಡವೆಂದಿಟ್ಟರೆ ಅದು ಮತ್ತೆ ತಲೆಹಾಕುವುದಿಲ್ಲ.

ಝಕಾತ್ ಲೆಕ್ಕಕ್ಕೂ ಸಾಫ್ಟ್‌ವೇರ್ ನೆರವಾಗುತ್ತದೆ, ಎಚ್ಚರಿಕೆಯಿಂದ ಬಳಸಿದರೆ. ಅದರ ವರ್ಷ ಏಪ್ರಿಲ್‌ನಿಂದ ಮಾರ್ಚ್. ಝಕಾತ್‌ನ ವರ್ಷ ಚಂದ್ರಮಾನದ್ದು, ಸುಮಾರು ಹನ್ನೊಂದು ದಿನ ಕಡಿಮೆ. ಆದ್ದರಿಂದ ಮಾರ್ಚ್ 31ರ ಲೆಕ್ಕವನ್ನು ಹಿಡಿದುಕೊಂಡು ಕೂರಬೇಡಿ. ನಿಮ್ಮ ಝಕಾತ್ ದಿನದ ತಾರೀಖನ್ನು ಹಾಕಿ ಆ ದಿನದ ದಾಸ್ತಾನು, ರೋಖ ಮತ್ತು ಬಾಕಿಗಳ ಪಟ್ಟಿ ತೆಗೆಯಿರಿ. ಕೆಳಗೆ ಕಾಣುವ ಒಟ್ಟು ಮೊತ್ತಕ್ಕೆ ಎರಡೂವರೆ ಶೇಕಡಾ ಹಾಕಬೇಡಿ. ಅದರಲ್ಲಿ ಹೊಲಿಗೆ ಯಂತ್ರಗಳ, ಕಪಾಟಿನ ಬೆಲೆಯೂ ಸೇರಿರುತ್ತದೆ. ದುಡಿಮೆಯ ಸಲಕರಣೆಗಳಿಗೆ ಝಕಾತ್ ಇಲ್ಲ. ದಾಸ್ತಾನನ್ನು ಕೊಂಡ ಬೆಲೆಯಲ್ಲಿ ತೋರಿಸಿರುತ್ತದೆ, ನಿಮಗೆ ಬೇಕಾದದ್ದು ಆ ದಿನದ ಮಾರುಕಟ್ಟೆ ಬೆಲೆ. ಬರುವ ಭರವಸೆಯಿಲ್ಲದ ಉದ್ರಿಯ ಬಗ್ಗೆ ನಿಮ್ಮ ಊರಿನ ವಿದ್ವಾಂಸರನ್ನು ಕೇಳಿಕೊಳ್ಳಿ.

ಇಷ್ಟರಲ್ಲಿ ಒಂದು ಮಾತನ್ನು ಹೇಳದೆ ಬಿಟ್ಟಿದ್ದೇನೆ. ಅದು ಬೆಲೆಗಿಂತಲೂ ದೊಡ್ಡದು. ಆ ಸಾಫ್ಟ್‌ವೇರಿನ ಪಾಸ್‌ವರ್ಡ್ ಯಾರ ಬಳಿ ಇದೆ?

ಕುರ್‌ಆನ್‌ನ ಅತ್ಯಂತ ದೀರ್ಘವಾದ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು. ಅದರ ವಿಷಯ ಸಾಲದ ವ್ಯವಹಾರವನ್ನು ಬರೆದಿಡುವುದು. ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಿಸಬಾರದೆಂದೂ ಅದರಲ್ಲಿದೆ. ಹಳೆಯ ಕಾಲದ ಖಾತೆವಹಿ ಕಪಾಟಿನಲ್ಲಿ ಇರುತ್ತಿತ್ತು, ಯಾರು ಬೇಕಾದರೂ ತೆರೆದು ಓದಬಹುದಿತ್ತು. ಇಂದು ಅದು ಯಜಮಾನರ ಮೊಬೈಲಿನೊಳಗೆ, ಅವರ ಹೆಬ್ಬೆರಳಿನ ಗುರುತಿನ ಹಿಂದೆ ಇದೆ. ಅಲ್ಲಾಹನು ಎಲ್ಲರಿಗೂ ದೀರ್ಘಾಯುಷ್ಯ ಕೊಡಲಿ. ಆದರೆ ಅಪಘಾತವೋ ಹೃದಯಾಘಾತವೋ ಆದ ಮನೆಗಳಲ್ಲಿ ನಡೆಯುವುದನ್ನು ನಾವೆಲ್ಲ ನೋಡಿದ್ದೇವೆ. ಮೂರನೆಯ ದಿನದಿಂದಲೇ ಒಬ್ಬೊಬ್ಬರಾಗಿ ಬರುತ್ತಾರೆ. ನನಗೆ ಎಂಬತ್ತು ಸಾವಿರ ಬರಬೇಕಿತ್ತು ಎನ್ನುತ್ತಾರೆ ಬಟ್ಟೆಯವರು. ಕೊಡಬೇಕಾದವರು ಮಾತ್ರ ಯಾರೂ ಬರುವುದಿಲ್ಲ. ಮೃತರ ಸಾಲ ತೀರಿಸಿದ ಮೇಲೆಯೇ ವಾರಸುದಾರರಿಗೆ ಹಂಚಬೇಕು. ಮಕ್ಕಳಿದ್ದರೆ ಪತ್ನಿಗೆ ಎಂಟರಲ್ಲಿ ಒಂದು ಪಾಲು. ಯಾವುದರ ಎಂಟರಲ್ಲಿ ಒಂದು? ಲೆಕ್ಕ ಗೊತ್ತಿಲ್ಲದವಳಿಗೆ ಭಾವನೋ ಮೈದುನನೋ ಹೇಳಿದ ಮೊತ್ತವೇ ಮೊತ್ತ. ಕೊಡದೆ ಉಳಿದ ಮಹ್ರ್ ಕೂಡ ಒಂದು ಸಾಲವೇ. ಅದು ಯಾವ ಆ್ಯಪ್‌ನಲ್ಲೂ ಬರೆದಿರುವುದಿಲ್ಲ.

ಹೀಗಾಗಿ ಸಾಫ್ಟ್‌ವೇರ್ ಆಯ್ಕೆಯಲ್ಲಿ ನಾನು ಮೊದಲ ಸ್ಥಾನ ಕೊಡುವುದು ಈ ಒಂದು ಗುಣಕ್ಕೆ: ಇಬ್ಬರಿಗೆ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಕೊಡಲು ಬರಬೇಕು. ಯಜಮಾನರಿಗೆ ಒಂದು, ಭಾಬಿಗೆ ಒಂದು. ಬಿಲ್ ಬರೆಯುವ ಹುಡುಗನಿಗೆ ಪಗಾರದ ಪುಟ ಕಾಣದಂತೆ ಇಡಲೂ ಬರಬೇಕು. ಒಬ್ಬಳ ಮುಂಗಡ ಎಷ್ಟೆಂಬುದು ಊರಿಗೆಲ್ಲ ತಿಳಿಯಬಾರದಲ್ಲ. ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಪೆನ್‌ಡ್ರೈವ್‌ಗೆ ತೆಗೆದು ಅಂಗಡಿಯಲ್ಲಲ್ಲದೆ ಮನೆಯಲ್ಲಿಡಿ. ಮೊಬೈಲ್ ಆ್ಯಪ್ ಆದರೆ ಪತ್ನಿಯ ಫೋನಿನಲ್ಲೂ ಅದೇ ಖಾತೆ ತೆರೆದಿರಲಿ. ತಿಂಗಳ ಕೊನೆಯ ದಿನ ಬರಬೇಕಾದವರ ಮತ್ತು ಕೊಡಬೇಕಾದವರ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಇಬ್ಬರೂ ಸಹಿ ಹಾಕಿ ಕಪಾಟಿನಲ್ಲಿಡಿ. ಎರಡು ಹಾಳೆ, ಹತ್ತು ರೂಪಾಯಿ.

ಆರಂಭಿಸುವುದಾದರೆ ಏಪ್ರಿಲ್ 1ರಿಂದ ಆರಂಭಿಸುವುದು ಒಳ್ಳೆಯದು. ಅದಕ್ಕೆ ಮೊದಲು ಒಂದು ಇಡೀ ದಿನ ಅಂಗಡಿ ಮುಚ್ಚಿ ದಾಸ್ತಾನು ಎಣಿಸಬೇಕು. ಆರಂಭದ ಬಾಕಿ ತಪ್ಪಾದರೆ ಆಮೇಲಿನದೆಲ್ಲ ತಪ್ಪುತ್ತದೆ. ಮೊದಲ ಮೂರು ತಿಂಗಳು ನೋಟ್‌ಬುಕ್ಕನ್ನೂ ಬಿಡಬೇಡಿ. ಎರಡನ್ನೂ ಬರೆದು ತಿಂಗಳ ಕೊನೆಗೆ ತಾಳೆ ನೋಡಿ. ಬೇಸರದ ಕೆಲಸವೇ, ಆದರೆ ಎಲ್ಲಿ ತಪ್ಪುತ್ತಿದೆಯೆಂದು ತಿಳಿಯಲು ಬೇರೆ ದಾರಿಯಿಲ್ಲ. ಮೂರನೆಯ ತಿಂಗಳೂ ಎರಡೂ ತಾಳೆಯಾದರೆ ನೋಟ್‌ಬುಕ್ ನಿಲ್ಲಿಸಬಹುದು. ಹಳೆಯ ಪುಸ್ತಕಗಳನ್ನು ಮಾತ್ರ ರದ್ದಿಯವರಿಗೆ ತೂಗಬೇಡಿ. ಜಿಎಸ್‌ಟಿ ನೋಂದಣಿ ಇರುವವರು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳವರೆಗೆ ಅವನ್ನು ಕಾಪಾಡಿಡಬೇಕು. ಹಾಜರಿ ಪುಸ್ತಕಗಳನ್ನಂತೂ ಅದರಾಚೆಗೂ ಇಟ್ಟುಕೊಳ್ಳಿ. ಹಿಂದೆ ಕೆಲಸ ಬಿಟ್ಟುಹೋದವಳು ಎಂದಾದರೂ ಒಂದು ದಿನ ಬಂದು, ಆಪಾ, ನಾನು ಇಲ್ಲಿ ಎಷ್ಟು ವರ್ಷ ದುಡಿದೆ ಎಂದು ಬರೆದುಕೊಡಿ ಎಂದು ಕೇಳಬಹುದು.